ಜಯಪ್ರಕಾಶರ ಹಿತ್ತಾಳೆ ಮುಚ್ಚಳ

ಮಳವಳ್ಳಿಯಲ್ಲಿ ಯಾರಾದರೂ ಜಯಪ್ರಕಾಶರನ್ನು ದಾರಿಯಲ್ಲಿ ನಿಲ್ಲಿಸಿ ಕ್ಷೇಮ ವಿಚಾರಿಸಿದರೆ, ಅವರು ತಮ್ಮ ಆರೋಗ್ಯದ ಬಗ್ಗೆ ಒಂದು ಮಾತು, ಹೆಂಡತಿ ಮಗಳ ಬಗ್ಗೆ ಒಂದು ಮಾತು ಹೇಳಿ ಮುಗಿಸಿ, ಉಳಿದ ಇಪ್ಪತ್ತು ನಿಮಿಷ ತಮ್ಮ ವ್ಯಾನಿನ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಬಗ್ಗೆ ಹೇಳುತ್ತಿದ್ದರು. ಆದ್ದರಿಂದ ತಿಳಿದವರು ಅವರ ಕ್ಷೇಮ ವಿಚಾರಿಸುವುದನ್ನೇ ಬಿಟ್ಟಿದ್ದರು.

ವ್ಯಾನು ಬಿಳಿ ಬಣ್ಣದ್ದು, ಎಂಟು ಜನ ಕೂರುವಂಥದ್ದು. ಶಾಮಿಯಾನ ಬಾಡಿಗೆಗೆ ಕೊಡುವವರೊಬ್ಬರು ಹತ್ತು ವರ್ಷ ಓಡಿಸಿ, ಸಾಕಾಗಿ, ಜಯಪ್ರಕಾಶರಿಗೆ ಮಾರಿದ್ದರು. ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷ ಹಳೆಯ ಕಾಗದಗಳ ನಡುವೆ ಕೂತ ಮನುಷ್ಯನಿಗೆ ಹಳೆಯದು ಎಂದರೆ ಅಸಹ್ಯವೇನೂ ಇರಲಿಲ್ಲ. ವ್ಯಾನಿನ ಪಕ್ಕದ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ. ಹೊರಗೆ ನಿಂತು ಮೊಣಕಾಲಿನಿಂದ ಒಂದು ಗುದ್ದು ಕೊಟ್ಟು, ಅದೇ ಕ್ಷಣಕ್ಕೆ ಹಿಡಿಯನ್ನು ಹಿಂದಕ್ಕೆ ಎಳೆಯಬೇಕು. ಆ ಲಯ ಜಯಪ್ರಕಾಶರೊಬ್ಬರಿಗೇ ಒಲಿದಿತ್ತು. ಎಡಕ್ಕೆ ತಿರುಗಿದರೆ ಹಾರ್ನ್ ತಾನಾಗಿಯೇ ಕೂಗುತ್ತಿತ್ತು. ಬಲಕ್ಕೆ ತಿರುಗುವಾಗ ಒತ್ತಿದರೂ ಕೂಗುತ್ತಿರಲಿಲ್ಲ. ಅವರ ಮನೆ ಎಡಕ್ಕೆ ಇದ್ದದ್ದು ಬೀದಿಗೆ ಅನುಕೂಲವಾಗಿತ್ತು. ಹಾರ್ನ್ ಕೇಳಿದ ಕೂಡಲೇ ಪಕ್ಕದ ಮನೆಯ ವನಜಾ ಮೇಡಂ ಕಿಟಕಿಯಿಂದಲೇ "ಇಂದ್ರಮ್ಮ, ಸಾಹೇಬ್ರು ಬಂದ್ರು, ಗೇಟು ತೆಗೀರಿ" ಎಂದು ಕೂಗುತ್ತಿದ್ದರು. ಇವೆಲ್ಲ ಸಂಸಾರಕ್ಕೆ ಒಗ್ಗಿಹೋದ ದೋಷಗಳು. ಮನೆಯಲ್ಲಿ ಹಿರಿಯರೊಬ್ಬರಿಗೆ ಕಿವಿ ಮಂದವಾದರೆ ಎಲ್ಲರೂ ಸ್ವಲ್ಪ ಜೋರಾಗಿ ಮಾತಾಡುವುದಿಲ್ಲವೇ, ಹಾಗೆ.

ಮುಚ್ಚಳದ ಕಥೆ ಬೇರೆ. ಒಂದು ದಿನ ಮದ್ದೂರಿನ ಪೆಟ್ರೋಲ್ ಬಂಕಿನಲ್ಲಿ ಜಯಪ್ರಕಾಶರು ಟ್ಯಾಂಕಿನ ಮುಚ್ಚಳ ತೆಗೆದು ವ್ಯಾನಿನ ತಲೆಯ ಮೇಲಿಟ್ಟು, ಹಳೆಯ ಸ್ನೇಹಿತರೊಬ್ಬರ ಜೊತೆ ಮಾತಿಗೆ ನಿಂತು, ಹಾಗೆಯೇ ಹೊರಟುಬಿಟ್ಟರು. ಮುಚ್ಚಳ ದಾರಿಯಲ್ಲಿ ಎಲ್ಲೋ ಇಳಿದುಕೊಂಡಿತು. ಅಂಗಡಿಯಲ್ಲಿ ಹೊಸ ಪ್ಲಾಸ್ಟಿಕ್ ಮುಚ್ಚಳ ಸಿಗುತ್ತಿತ್ತು. ಆದರೆ ಜಯಪ್ರಕಾಶರು ಅದನ್ನು ಕೈಯಲ್ಲಿ ಹಿಡಿದು, "ಇದೇನ್ರೀ, ಔಷಧಿ ಬಾಟಲಿ ಮುಚ್ಚಳ ಇದ್ದಂಗಿದೆ" ಎಂದು ವಾಪಸ್ಸು ಕೊಟ್ಟು, ಲೇತ್ ಮಹದೇವುವಿನ ಹತ್ತಿರ ಹೋದರು. ಮಹದೇವು ಆಲೆಮನೆಗಳಿಗೆ ಕಬ್ಬಿನ ಗಾಣದ ಭಾಗಗಳನ್ನು ಕಡೆದುಕೊಡುವವನು. ಅವನ ಕೈಯಿಂದ ಬಂದದ್ದು ಎರಡು ತಲೆಮಾರು ಬಾಳುತ್ತದೆಂದು ಹೆಸರು.

"ಎಷ್ಟು ಬಿಗಿ ಬೇಕು ಸಾ?" ಎಂದು ಮಹದೇವು ಕೇಳಿದ.

"ಒಂದು ಇರುವೆ ಕೂಡ ನುಗ್ಗಬಾರದು."

"ಇರುವೆ ಮಾತು ಬುಡಿ. ಗಾಳಿ ನುಗ್ಗುದ್ರೆ ಈ ಲೇತ್ ಮಾರ್ಬುಟ್ಟು ಎಮ್ಮೆ ಕಟ್ತೀನಿ!"

ಮಹದೇವು ಕೊಟ್ಟ ಮಾತಿಗೆ ತಪ್ಪುವವನಲ್ಲ. ಅಂಗೈ ಅಗಲದ ಹಿತ್ತಾಳೆ ಮುಚ್ಚಳ, ಒಳಗೆ ಟ್ರಾಕ್ಟರ್ ಟ್ಯೂಬಿನಿಂದ ಕತ್ತರಿಸಿದ ವಾಷರು, ತಿರುಗಿಸಲು ಎರಡೂ ಕೈ ಬೇಕು. ಜಯಪ್ರಕಾಶರು ಅದಕ್ಕೆ ಹುಣಸೆಹಣ್ಣು ಹಚ್ಚಿ ಉಜ್ಜಿ, ದೇವರ ದೀಪದ ಹಾಗೆ ಹೊಳೆಯಿಸಿ ಇಟ್ಟುಕೊಂಡರು. ಮುಚ್ಚಳ ತೆಗೆದಾಗ ಟ್ಯಾಂಕು 'ಸುಯ್' ಎಂದು ಒಂದು ಉಸಿರು ಎಳೆದುಕೊಳ್ಳುತ್ತಿತ್ತು. ಆಗೆಲ್ಲ ಜಯಪ್ರಕಾಶರು ಬೆರಳೆತ್ತಿ, "ಕೇಳಿದ್ರಾ? ಬಿಗಿ ಅಂದ್ರೆ ಇದು" ಎನ್ನುತ್ತಿದ್ದರು.

ವ್ಯಾನು ದಾರಿಯಲ್ಲಿ ನಿಲ್ಲಲು ಶುರುವಾದದ್ದೂ ಸರಿಸುಮಾರು ಆಗಲೇ. ಆದರೆ ಯಾರ ಜಾತಕದಲ್ಲಿ ಯಾವ ಗ್ರಹ ಎಲ್ಲಿ ಕೂತಿದೆ ಎಂದು ಹೇಳಬಲ್ಲ ನಮ್ಮ ಜನ ಇಂಥ ಸಣ್ಣ ಸಂಗತಿಗಳನ್ನು ಜೋಡಿಸಿ ನೋಡುವುದಿಲ್ಲ.

ಊರೊಳಗೆ ಓಡಾಡುವಾಗ ಅದು ಎಂದೂ ನಿಲ್ಲುತ್ತಿರಲಿಲ್ಲ. ಪರಸ್ಥಳಕ್ಕೆ ಹೊರಟು ಹತ್ತು ಹದಿನೈದು ಕಿಲೋಮೀಟರ್ ಆಗುತ್ತಿದ್ದಂತೆ ಎರಡು ಸಲ ಕೆಮ್ಮಿ, ಒಂದು ಸಲ ಬಿಕ್ಕಿ, ರಸ್ತೆಯ ಬದಿಗೆ ಬಂದು ಮಲಗಿಬಿಡುತ್ತಿತ್ತು. ಮೊದಲ ಸಲ ಮೆಕ್ಯಾನಿಕ್ ಅಂಬರೀಶ ಬೈಕಿನಲ್ಲಿ ಬಂದ.

"ಪೆಟ್ರೋಲ್ ಐತಾ ಸಾ?"

ಜಯಪ್ರಕಾಶರು ಮುಚ್ಚಳ ತೆಗೆದು ತೋರಿಸಿದರು. ಸುಯ್. ಪೆಟ್ರೋಲಿನ ಜೊತೆಗೆ ಮುಚ್ಚಳವನ್ನೂ ತೋರಿಸಿದರು. ಹತ್ತು ನಿಮಿಷ ಹಿಡಿಯಿತು. ಆಮೇಲೆ ಅಂಬರೀಶ ಪ್ಲಗ್ಗು ಬಿಚ್ಚಿ, ಊದಿ, ತನ್ನ ಪ್ಯಾಂಟಿಗೆ ಒರೆಸಿ ಹಾಕಿದ. ವ್ಯಾನು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. "ಪ್ಲಗ್ಗು ಸಾ. ನನ್ ಕೈ ತಾಕುದ್ರೆ ಸಾಕು" ಎಂದು ಅಂಬರೀಶ ಬೈಕು ಹತ್ತಿದ. ಮುಂದಿನ ಆರು ತಿಂಗಳಲ್ಲಿ ಅವನು ಪ್ಲಗ್ಗು, ಕಾಯಿಲು, ಕಾರ್ಬೊರೇಟರು, ಪಂಪು ಎಲ್ಲವನ್ನೂ ಬದಲಾಯಿಸಿದ. ಪ್ರತಿಸಲವೂ ವ್ಯಾನು ಸ್ಟಾರ್ಟ್ ಆಗುತ್ತಿತ್ತು. ಪ್ರತಿಸಲವೂ ಅದೇ ಮೂಲ ಕಾರಣ ಎಂದು ಅಂಬರೀಶನಿಗೆ ಖಾತ್ರಿಯಾಗುತ್ತಿತ್ತು.

ಇನ್ನೊಂದು ಸಲ ಅದು ಮಂಡ್ಯದ ದೊಡ್ಡ ಸರ್ಕಲ್ಲಿನ ನಟ್ಟನಡುವೆ ನಿಂತಿತು. ಹಿಂದೆ ನಾಲ್ಕು ಬಸ್ಸು, ಎರಡು ಕಬ್ಬಿನ ಲಾರಿ, ಅಸಂಖ್ಯಾತ ಬೈಕು. ಸಂಚಾರದ ಏಎಸ್ಐ ಲಾಠಿ ಬೀಸುತ್ತ ಬಂದರು.

"ಏನ್ರೀ, ಪೆಟ್ರೋಲ್ ಇಲ್ದೆ ಬಂದ್ಬುಟ್ರಾ?"

"ಇದೆ ಸಾರ್! ನೋಡಿ!" ಜಯಪ್ರಕಾಶರು ಅವಮಾನದಿಂದ ಇಳಿದು ಮುಚ್ಚಳ ತೆಗೆದರು. ಸುಯ್. "ಸಾರ್, ಈ ಮುಚ್ಚಳ ನೋಡಿದ್ರಾ, ಹಿತ್ತಾಳೆ..."

"ಹಿತ್ತಾಳೆ ಕಟ್ಕೊಂಡು ನಾನೇನ್ ಮಾಡ್ಲಿ? ತೆಗೀರಿ ಗಾಡಿ!" ಎಂದು ಏಎಸ್ಐ ಸಾಹೇಬರು ಸಿಟ್ಟಿನಿಂದ ವ್ಯಾನಿನ ಮೂತಿಗೆ ಲಾಠಿಯಿಂದ ಒಂದು ಬಿಟ್ಟರು. ಜಯಪ್ರಕಾಶರು ಹೆದರಿ ಕೀಲಿ ತಿರುಗಿಸಿದರು. ವ್ಯಾನು ಸ್ಟಾರ್ಟ್ ಆಯಿತು. ಏಎಸ್ಐ ಸಾಹೇಬರು ತಮ್ಮ ಲಾಠಿಯನ್ನೊಮ್ಮೆ, ವ್ಯಾನನ್ನೊಮ್ಮೆ ನೋಡಿ ಮೀಸೆಯ ಮೇಲೆ ಕೈಯಾಡಿಸಿದರು. ಆ ತಿಂಗಳು ಆ ಸರ್ಕಲ್ಲಿನಲ್ಲಿ ಕೆಟ್ಟು ನಿಂತ ಎಲ್ಲ ವಾಹನಗಳಿಗೂ ಅವರೇ ಚಿಕಿತ್ಸೆ ಕೊಟ್ಟರೆಂದು ಕೇಳಿದ್ದೇನೆ.

ಇದನ್ನೆಲ್ಲ ನೋಡಿ ಇಂದ್ರಮ್ಮ ಗಂಡನ ಕೈಗೆ ನಿಂಬೆಹಣ್ಣು ಕೊಟ್ಟು, ಊರ ಹೊರಗಿನ ಅಮ್ಮನ ಗುಡಿಯ ಪೂಜಾರಿ ಚಿಕ್ಕಣ್ಣನವರಿಗೆ ಹೇಳಿಕಳಿಸಿದರು. ಮುಂದಿನ ಸಲ ಚಿಕ್ಕಣ್ಣನವರು ಕೆಟ್ಟು ನಿಂತ ಜಾಗಕ್ಕೇ ಟಿವಿಎಸ್ ಮೇಲೆ ಬಂದರು. ಬಂದವರೇ ಮೊದಲು, "ಪೆಟ್ರೋಲ್ ಐತೋ ಇಲ್ವೋ ನೋಡ್ಕಂಡ್ರಾ? ಅದಿಲ್ದೆ ನಿಂತಿದ್ರೆ ಆಮೇಲೆ ಅಮ್ಮನ್ ಮೇಲ್ ಆಕ್ತೀರ" ಎಂದರು. ದೇವಿಯ ಹೆಸರು ಕೆಡಬಾರದೆಂಬ ಕಾಳಜಿ. ಮುಚ್ಚಳ ತೆಗೆದರು, ಸುಯ್, ಮುಚ್ಚಿದರು. ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು, ಮೂತಿಗೆ ಕುಂಕುಮ. ವ್ಯಾನು ನಿಂಬೆಹಣ್ಣುಗಳನ್ನು ಅಪ್ಪಚ್ಚಿ ಮಾಡಿಕೊಂಡು ಹೊರಟೇಬಿಟ್ಟಿತು. ಅಂದಿನಿಂದ ಚಿಕ್ಕಣ್ಣನವರಿಗೂ ಅಂಬರೀಶನಿಗೂ ಆಗಿಬರುತ್ತಿರಲಿಲ್ಲ. ಹೋಟೆಲಿನಲ್ಲಿ ಎದುರಾದರೆ ಇಬ್ಬರೂ ಬೇರೆ ಬೇರೆ ಮೇಜಿನಲ್ಲಿ ಕೂತು, ವ್ಯಾನನ್ನು ಸರಿಮಾಡಿದ್ದು ಯಾರೆಂದು ಪಕ್ಕದವರಿಗೆ ಹೇಳುತ್ತಿದ್ದರು.

ಇದು ಹೀಗೇ ನಡೆಯುತ್ತಿತ್ತೋ ಏನೋ. ಅಷ್ಟರಲ್ಲಿ ಗಗನಳಿಗೆ ಗಂಡು ಗೊತ್ತಾಯಿತು.

ಗಗನ ಜಯಪ್ರಕಾಶರ ಒಬ್ಬಳೇ ಮಗಳು. ಮದ್ದೂರಿನಲ್ಲಿ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ದಿನಾ ಬೆಳಿಗ್ಗೆ ಅವಳು ಹೋಗುವ ಬಸ್ಸಿಗೆ ಭಾರತೀನಗರದಲ್ಲಿ ಯತೀಶ ಎಂಬ ಹುಡುಗ ಹತ್ತುತ್ತಿದ್ದ, ಕಾಲೇಜಿನಲ್ಲಿ ಪಾಠ ಹೇಳುವವನು. ಎರಡು ವರ್ಷ ಒಂದೇ ಬಸ್ಸು, ಒಂದೇ ನೂಕುನುಗ್ಗಲು. ಇನ್ನುಳಿದದ್ದನ್ನು ನಾನು ಹೇಳಬೇಕಾಗಿಲ್ಲ. ಎರಡೂ ಮನೆಯವರೂ ಒಳ್ಳೆಯವರು. ವಿಚಾರಿಸಿ, ಜಾತಕ ತೋರಿಸಿ, ಒಪ್ಪಿದರು. ಉಳಿದದ್ದು ಹೆಣ್ಣಿನ ಕಡೆಯ ಹಿರಿಯರು ಗಂಡಿನ ಮನೆ ನೋಡಿ ಬರುವ ಶಾಸ್ತ್ರ. ಹಿರಿಯರೆಂದರೆ ಒಬ್ಬರೇ: ಜಯಪ್ರಕಾಶರ ಸೋದರತ್ತೆ ಚಿಕ್ಕಬೋರಮ್ಮ.

ಚಿಕ್ಕಬೋರಮ್ಮ ಕಿರುಗಾವಲಿನ ಸಂತೆಯಲ್ಲಿ ಮೂವತ್ತು ವರ್ಷ ಬೋಂಡದ ಬಾಣಲೆ ಇಟ್ಟು, ತಾಯಿಯಿಲ್ಲದ ಜಯಪ್ರಕಾಶರನ್ನು ಓದಿಸಿ, ಕೆಲಸಕ್ಕೆ ಹಚ್ಚಿದವರು. ಅವರ ಮಾತು ಆ ಮನೆಯಲ್ಲಿ ಸರ್ಕಾರಿ ಆದೇಶ. ಒಂದೇ ಕಷ್ಟವೆಂದರೆ ಶಕುನ. ಗಗನಳಿಗೆ ಬಂದ ಮೊದಲ ಸಂಬಂಧವನ್ನು ಅವರು ಮುರಿದದ್ದು, ಆ ಮನೆಯೊಳಗೆ ಕಾಲಿಟ್ಟ ಕೂಡಲೇ ಕರೆಂಟು ಹೋಯಿತೆಂದು. ಅದು ದಿನಕ್ಕೆ ಆರು ಸಲ ಕರೆಂಟು ಹೋಗುವ ಊರು. ಎರಡನೆಯದನ್ನು ಮುರಿದದ್ದು ಜಗುಲಿಯ ಮೇಲೆ ಯಾರದೋ ಚಪ್ಪಲಿ ಮಗುಚಿ ಬಿದ್ದಿತ್ತೆಂದು. ಆ ಎರಡು ಸಲ ಗಗನ ಸುಮ್ಮನಿದ್ದಳು. ಈ ಸಲ ಸುಮ್ಮನಿರುವ ಹಾಗೆ ಕಾಣಲಿಲ್ಲ.

"ಬಸ್ಸಲ್ಲಿ ಹೋಗಿ ಅಪ್ಪಾ. ನಾನು ದಿನಾ ಹೋಗಲ್ವಾ?" ಎಂದಳು.

ಜಯಪ್ರಕಾಶರಿಗೂ ಅದೇ ಸರಿಯೆನಿಸಿತ್ತು. ಅತ್ತೆಯ ಹತ್ತಿರ ಮೆಲ್ಲಗೆ ಹೇಳಿ ನೋಡಿದರು.

"ಎಂಗಸ್ರಿಗೆ ಪುಕ್ಕಟೆ ಅಂತ ಎಣ್ಣು ಕೊಡೋ ಮನೆಗೆ ಬಸ್ಸಲ್ ನೇತಾಡ್ಕಂಡು ಓಗದಾ?" ಎಂದು ಚಿಕ್ಕಬೋರಮ್ಮ ಕೆಂಡವಾದರು. "ಮನೆ ಮುಂದೆ ಬಿಳೀ ಗಾಡಿ ನಿಲ್ಸ್ಕಂಡಿದ್ದೀಯ, ಯಾತಕ್ಲಾ? ಕೋಳಿ ಕವ್ಚಾಕಕ್ಕಾ?"

ಬಾಡಿಗೆ ಕಾರಿನ ಮಾತೂ ಬಿದ್ದುಹೋಯಿತು, ಏಕೆಂದರೆ ಯತೀಶನ ತಂದೆಗೆ ಜಯಪ್ರಕಾಶರು ಫೋನಿನಲ್ಲಿ ಆಗಲೇ, "ನಮ್ಮ ಸ್ವಂತ ವ್ಯಾನಲ್ಲೇ ಬರ್ತೀವಿ, ಒಂದು ವಿಶೇಷ ತೋರಿಸೋದಿದೆ" ಎಂದುಬಿಟ್ಟಿದ್ದರು. ವಿಶೇಷ ಯಾವುದೆಂದು ಓದುಗರಿಗೆ ಗೊತ್ತು.

ಹೊರಡುವ ದಿನ ಬೆಳಿಗ್ಗೆ ಗಗನ ಅಪ್ಪನ ಶರ್ಟಿನ ಕಾಲರು ಸರಿಮಾಡುತ್ತ, "ಅಪ್ಪಾ, ನಿಮ್ಮ ವ್ಯಾನಿನ ಬಗ್ಗೆ ನಾನು ಯಾವತ್ತೂ ಏನೂ ಅಂದಿಲ್ಲ, ಅಲ್ವಾ?" ಎಂದಳು.

"ಇಲ್ಲ ಕಂದಾ."

"ಇವತ್ತೊಂದು ದಿನ ನಿಲ್ಲಬಾರದು ಅಪ್ಪಾ. ಅಜ್ಜಿ ವಾಪಸ್ ಬಂದ್ಬಿಟ್ರೆ..." ಎಂದಳು. ಆ ಮಗುವಿಗಾಗಿ ಜಯಪ್ರಕಾಶರು ವ್ಯಾನನ್ನು ಹೆಗಲ ಮೇಲೆ ಹೊತ್ತುಕೊಂಡಾದರೂ ಭಾರತೀನಗರಕ್ಕೆ ಒಯ್ಯುತ್ತಿದ್ದರು.

ಆದರೆ ಅಂಥ ಸಂದರ್ಭ ಬಾರದ ಹಾಗೆ ಅವರು ವ್ಯವಸ್ಥೆ ಮಾಡಿಕೊಂಡಿದ್ದರು. ಇದುವರೆಗೆ ವ್ಯಾನನ್ನು ಎಬ್ಬಿಸಿದವರು ಮೂವರು. ಆದ್ದರಿಂದ ಮೂವರನ್ನೂ ಕರೆದುಕೊಂಡು ಹೋಗುವುದು. ಪೂಜಾರಿ ಚಿಕ್ಕಣ್ಣನವರು ಶುಭಕಾರ್ಯಕ್ಕೆಂದು ನಿಂಬೆಹಣ್ಣಿನ ಚೀಲದ ಸಮೇತ ಹಿಂದಿನ ಸೀಟಿನಲ್ಲಿ. ಅಂಬರೀಶ ಪಂಚೆ ಉಟ್ಟು, ಇಂದ್ರಮ್ಮನ ದೂರದ ತಮ್ಮನೆಂಬ ಹೆಸರಿನಲ್ಲಿ ಮುಂದಿನ ಸೀಟಿನಲ್ಲಿ. ಏಎಸ್ಐ ಸಾಹೇಬರನ್ನು ಕರೆಯಲು ಧೈರ್ಯ ಸಾಲದೆ, ಅವರ ಬದಲಿಗೆ ಒಂದು ಬಿದಿರಿನ ಕೋಲು. ಪೆಟ್ರೋಲ್ ಇದೆಯಾ ಎಂದು ಯಾರೂ ಕೇಳಿ ಹೊತ್ತು ಕಳೆಯಬಾರದೆಂದು ಎಲ್ಲರ ಕಣ್ಣೆದುರಿಗೇ ಟ್ಯಾಂಕನ್ನು ಬಾಯಿಮಟ್ಟ ತುಂಬಿಸಿ, ಹಿತ್ತಾಳೆ ಮುಚ್ಚಳವನ್ನು ಎರಡು ಕೈಯಿಂದ ಹಿಂದೆಂದೂ ಇಲ್ಲದಷ್ಟು ಬಿಗಿದರು.

ಚಿಕ್ಕಬೋರಮ್ಮ ನಡುವಿನ ಸೀಟಿನಲ್ಲಿ ಇಂದ್ರಮ್ಮನ ಪಕ್ಕ ಕೂತು, ಅಂಬರೀಶನ ಕೈ ನೋಡಿದರು.

"ಇಂದ್ರ, ಇವ್ನು ನಿನ್ ತಮ್ಮ ಅಂತೀಯ. ಉಗುರ್ ತುಂಬ ಗ್ರೀಸು ಯಾಕವ್ವ?"

"ಬೋರ್‌ವೆಲ್ ಮೋಟ್ರು ಐತೆ ಅತ್ತೆ, ತೋಟದಲ್ಲಿ" ಎಂದು ಇಂದ್ರಮ್ಮ ಸೀರೆಯ ಸೆರಗು ಸರಿಮಾಡಿಕೊಂಡರು.

"ಒಳ್ಳೇದು. ಕೆಲ್ಸ ಮಾಡೋ ಗಂಡು" ಎಂದು ಚಿಕ್ಕಬೋರಮ್ಮ ಎಲೆ ಮಡಿಸಿದರು.

ವ್ಯಾನು ಹೊರಟಿತು. ಜಯಪ್ರಕಾಶರು ಲೆಕ್ಕ ಹಾಕಿದ್ದರು: ನಿಂತರೆ ಹನ್ನೆರಡನೇ ಕಿಲೋಮೀಟರಿನ ಆಚೆ ನಿಲ್ಲುತ್ತದೆ, ಅಲ್ಲಿ ಒಂದು ಎಳನೀರಿನ ಅಂಗಡಿ ಇದೆ, ಅದನ್ನೇ ನೆಪ ಮಾಡಿಕೊಳ್ಳಬಹುದು. ಆದರೆ ತುಂಬಿದ ಟ್ಯಾಂಕಿನ ವ್ಯಾನು ಎಂಟನೇ ಕಿಲೋಮೀಟರಿನಲ್ಲೇ ಕೆಮ್ಮಿತು. ಎರಡೂ ಕಡೆ ಕಬ್ಬಿನ ಗದ್ದೆ, ಒಂದು ಹೊಂಗೆಮರ, ಮರದಡಿ ಯಾರೂ ಇಲ್ಲ. ಬಿಕ್ಕಿತು. ಮರದ ನೆರಳು ನೋಡಿ ನಿಂತಿತು.

ಅಂಬರೀಶನ ಕೈ ಸೊಂಟದ ಪಾನಾ ಹುಡುಕಿತು, ಚಿಕ್ಕಣ್ಣನವರ ಕೈ ನಿಂಬೆಹಣ್ಣಿನ ಚೀಲ ಹುಡುಕಿತು.

"ಯಾಕ್ಲಾ ನಿಂತೋಯ್ತು?" ಎಂದರು ಚಿಕ್ಕಬೋರಮ್ಮ.

"ನಿಂತಿಲ್ಲ ಅತ್ತೆ! ನಾನೇ ನಿಲ್ಲಿಸ್ದೆ!" ಜಯಪ್ರಕಾಶರು ಹಿಂದಕ್ಕೆ ತಿರುಗಿ ನಕ್ಕರು. ಅಂಥ ನಗೆಯನ್ನು ದಂತವೈದ್ಯರ ಕುರ್ಚಿಯ ಮೇಲೆ ಮಾತ್ರ ನೋಡಬಹುದು. "ಎಳನೀರು ಕುಡಿಯೋಣ ಅಂತ."

"ಎಲ್ಲೈತ್ಲಾ ಎಳ್ನೀರು?"

ಜಯಪ್ರಕಾಶರು ಕಬ್ಬಿನ ಗದ್ದೆಯನ್ನು ನೋಡಿದರು. ಕಬ್ಬಿನ ಗದ್ದೆ ಅವರಿಗೆ ಯಾವ ಸಹಾಯವನ್ನೂ ಮಾಡಲಿಲ್ಲ.

"ಕೆಟ್ಟೋಯ್ತು ಅನ್ನು" ಎಂದು ಚಿಕ್ಕಬೋರಮ್ಮ ಎಲೆಯಡಿಕೆಯ ಚೀಲಕ್ಕೆ ಗಂಟು ಹಾಕಿದರು. "ಎಣ್ಣು ಕೊಡಾಕೆ ಒಂಟ ಗಾಡಿ ಅರ್ಧ ದಾರೀಲಿ ನಿಂತ್ರೆ ಇನ್ನೇನ್ ಬೇಕ್ಲಾ? ಬ್ಯಾಡ ಈ ಸಂಬಂಧ. ಬಾಗ್ಲು ತಗೀ, ಮಳೊಳ್ಳಿ ಬಸ್ಸು ಬತ್ತದೆ, ನಾನ್ ಓಯ್ತೀನಿ."

ಬಾಗಿಲು ಒಳಗಿನಿಂದ ತೆರೆಯುವುದಿಲ್ಲವೆಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಜಯಪ್ರಕಾಶರು ಇಳಿದು ಬಾಗಿಲ ಹತ್ತಿರ ಹೋಗಿ, ಒಂದು ಕ್ಷಣ, ಒಂದೇ ಒಂದು ಕ್ಷಣ, ಅದನ್ನು ತೆರೆಯದೆ ಇದ್ದುಬಿಟ್ಟರೆ ಹೇಗೆ ಎಂದು ಯೋಚಿಸಿದರು. ಕಿಟಕಿಯಿಂದ ಅತ್ತೆ ನೋಡುತ್ತಿದ್ದರು. ಬೋಂಡ ಮಾರಿ ಸಾಕಿದ ಮುಖ. ಜಯಪ್ರಕಾಶರು ಮೊಣಕಾಲಿನಿಂದ ಗುದ್ದಿ ಬಾಗಿಲು ತೆರೆದರು.

ಅತ್ತೆ ರಸ್ತೆಯ ಆಚೆ ಬದಿಗೆ ಹೋಗಿ ಬಸ್ಸಿಗೆ ಕಾದು ನಿಂತರು. ಇತ್ತ ಚಿಕಿತ್ಸೆ ಶುರುವಾಯಿತು. ಅಂಬರೀಶ ಪಂಚೆ ಮೇಲೆತ್ತಿ ಕಟ್ಟಿ, ಸೊಂಟದಿಂದ ಪಾನಾ ಹಿರಿದು, ಪ್ಲಗ್ಗು ಬಿಚ್ಚಿ ಒರೆಸಿದ. ಕೀಲಿ ತಿರುಗಿಸಿದರು. ವ್ಯಾನು ಅಲ್ಲಾಡಲಿಲ್ಲ.

"ಜರುಗಪ್ಪ ಅತ್ಲಾಗೆ" ಎಂದು ಚಿಕ್ಕಣ್ಣನವರು ನಾಲ್ಕು ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಇಲ್ಲ. ಎಂಟು ಇಟ್ಟರು. ಇಲ್ಲ.

"ನೀವು ಮಂತ್ರ ಅರ್ಧಕ್ಕೆ ನಿಲ್ಸಿದ್ರಿ" ಎಂದು ಅಂಬರೀಶ ರೇಗಿದ.

"ನೀನ್ ಮುಟ್ಟಿ ಮೈಲಿಗೆ ಮಾಡ್ದಲ್ಲಾ ಗಾಡಿನ! ಆರ್ ತಿಂಗ್ಳಿಂದ ಇದ್ನ ಓಡುಸ್ತಿರೋದು ಅಮ್ಮ ಕಣಯ್ಯ!"

"ಆರ್ ತಿಂಗ್ಳಿಂದ ಓಡುಸ್ತಿರೋನು ನಾನು!"

"ಆರ್ ತಿಂಗ್ಳಿಂದಾ?" ಎಂದು ರಸ್ತೆಯ ಆಚೆಯಿಂದ ಚಿಕ್ಕಬೋರಮ್ಮ ಕೇಳಿದರು. "ಆರ್ ತಿಂಗ್ಳಿಂದ ನಿಲ್ತೈತಾ ಇದು?"

ಇಂದ್ರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಜಯಪ್ರಕಾಶರು ಕೊನೆಯ ಅಸ್ತ್ರವಾದ ಬಿದಿರಿನ ಕೋಲು ಹಿರಿದು ವ್ಯಾನಿನ ಮೂತಿಗೆ ಬಾರಿಸಿದರು. ಕೋಲು ಸೀಳಿತು. ಗದ್ದೆಗೆ ನುಗ್ಗಿ ಕಬ್ಬಿನ ಜಲ್ಲೆಯೊಂದನ್ನು ಮುರಿದು ತಂದು ಬಾರಿಸಿದರು. ಅದೂ ಮುರಿಯಿತು, ಹಾಲು ಮುಖಕ್ಕೆ ಹಾರಿತು. ಸರಿಯಾಗಿ ಆ ಹೊತ್ತಿಗೆ ಮಳವಳ್ಳಿ ಬಸ್ಸು ಬಂದು, ಚಿಕ್ಕಬೋರಮ್ಮ ಅಡ್ಡ ಚಾಚಿದ ಕೈ ನೋಡಿ ನಿಂತಿತು. ಐವತ್ತು ತಲೆಗಳು ಕಿಟಕಿಯಿಂದ ಹೊರಗೆ ಬಂದವು. ಇಸ್ತ್ರಿ ಮಾಡಿದ ಬಿಳಿ ಶರ್ಟಿನ ಸರ್ಕಾರಿ ನೌಕರರೊಬ್ಬರು ನಡುರಸ್ತೆಯಲ್ಲಿ ವ್ಯಾನಿಗೆ ಕಬ್ಬಿನಿಂದ ಹೊಡೆಯುತ್ತಿದ್ದರು.

"ಏನಾಯ್ತಂತೆ?" "ಕುಡಿದವ್ರೆ." "ಇಲ್ಲ ಕಣೋ, ತಾಲ್ಲೂಕ್ ಆಪೀಸ್ನೋರು." "ಪೆಟ್ರೋಲ್ ಐತಾ ಕೇಳ್ರೋ!"

ಕಂಡಕ್ಟರ್ ಬಾಗಿಲಲ್ಲಿ ನಿಂತು, "ಅತ್ತಮ್ಮ, ಓಯ್ತಾ ಇರಣ" ಎಂದ.

ಚಿಕ್ಕಬೋರಮ್ಮ ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟರು. ಜಯಪ್ರಕಾಶರು ಮುರಿದ ಕಬ್ಬು ಹಿಡಿದು ನಿಂತಲ್ಲೇ ನಿಂತಿದ್ದರು. ಮನೆಯಲ್ಲಿ ಫೋನ್ ಹಿಡಿದು ಕೂತಿರುವ ಮಗಳು ಕಣ್ಣಿಗೆ ಕಟ್ಟಿದಳು. ಅವರ ಕಣ್ಣಿಂದ ನೀರು ಬಂತು. ಅದು ಕಬ್ಬಿನ ಹಾಲೆಂದು ಬಸ್ಸಿನವರು ತಿಳಿದರು. ಅತ್ತೆ ಹಾಗೆ ತಿಳಿಯಲಿಲ್ಲ. ಹಿಂದೆ ಇದೇ ಹುಡುಗ ಲೆಕ್ಕದಲ್ಲಿ ಫೇಲಾಗಿ ಬಂದು ಬಾಣಲೆಯ ಪಕ್ಕ ನಿಂತದ್ದೂ ಹೀಗೆಯೇ.

ಅವರು ಮೆಟ್ಟಿಲ ಮೇಲಿನ ಕಾಲು ತೆಗೆದರು. "ತಡೀರಪ್ಪ ಒಂದ್ ಗಳಿಗೆ" ಎಂದು ಕಂಡಕ್ಟರನಿಗೆ ಹೇಳಿ ರಸ್ತೆ ದಾಟಿ ಬಂದರು.

"ಎಣ್ಣೆ ಐತೇನ್ಲಾ ಗಾಡೀಲಿ?"

"ಫುಲ್ ಟ್ಯಾಂಕ್ ಅತ್ತೆ."

"ತೋರ್ಸು."

ಜಯಪ್ರಕಾಶರು ಎರಡು ಕೈ ಹಾಕಿ ಮುಚ್ಚಳ ತಿರುಗಿಸಿದರು. ಆ ದಿನದ 'ಸುಯ್' ಹಿಂದಿನ ಯಾವ 'ಸುಯ್'ಗೂ ಸಮನಾಗಿರಲಿಲ್ಲ. ಬಸ್ಸಿನ ಹಿಂದಿನ ಸೀಟಿನವರಿಗೂ ಕೇಳಿಸಿತು.

"ಏನ್ಲಾ ಅದು ಸಬ್ದ?"

ಸಂಬಂಧ ಮುರಿಯುತ್ತಿದ್ದರೂ, ಕಣ್ಣಲ್ಲಿ ನೀರಿದ್ದರೂ, ಜಯಪ್ರಕಾಶರ ಬೆರಳು ತಾನಾಗಿ ಮೇಲೆದ್ದಿತು. "ಬಿಗಿ ಅತ್ತೆ. ಲೇತ್‌ನಲ್ಲಿ ಮಾಡಿಸಿದ್ದು. ಒಂದಿಷ್ಟು ಗಾಳಿ ಕೂಡ ಒಳಗೆ ಹೋಗಲ್ಲ."

"ಎಲ್ಲೂ ಓಗಲ್ವಾ?"

"ಎಲ್ಲೂ ಹೋಗಲ್ಲ" ಎಂದರು ಜಯಪ್ರಕಾಶರು ಅಭಿಮಾನದಿಂದ.

ಚಿಕ್ಕಬೋರಮ್ಮ ಸೊಂಟದ ಮೇಲೆ ಕೈಯಿಟ್ಟರು. "ಲೇ ಜಯಪ್ರಕಾಸ, ಸಂತೇಲಿ ನಾನು ಎಣ್ಣೆ ಡಬ್ಬ ಒಡೀತಿದ್ನಲ್ಲಾ, ಎಷ್ಟು ತೂತು ಒಡೀತಿದ್ದೆ?"

"ಎರಡು."

"ಎಲ್ಡ್ಯಾಕೆ?"

"ಒಂದೇ ಹೊಡೆದ್ರೆ ಎಣ್ಣೆ ಸುರಿಯಲ್ಲ. ಗಾಳಿ ಹೋಗಕ್ಕೆ ಇನ್ನೊಂದು..." ಎಂದ ಜಯಪ್ರಕಾಶರ ಬಾಯಿ ತೆರೆದದ್ದು ಹಾಗೆಯೇ ಇತ್ತು.

ಅಂಬರೀಶ ಮುಚ್ಚಳ ನೋಡಿದ. ಚಿಕ್ಕಣ್ಣನವರು ಮುಚ್ಚಳ ನೋಡಿದರು. ಆರು ತಿಂಗಳಿಂದ ತಾವು ಕೈಯಿಡುವ ಮೊದಲು ಪ್ರತಿಸಲವೂ ಜಯಪ್ರಕಾಶರು ಅದನ್ನು ತೆಗೆದು ತೋರಿಸಿದ್ದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು. ಇಬ್ಬರೂ ಬೇರೆ ಬೇರೆ ದಿಕ್ಕಿಗೆ ತಿರುಗಿ ಕಬ್ಬಿನ ಬೆಳೆ ಈ ಸಲ ಹೇಗಿದೆ ಎಂದು ಪರೀಕ್ಷಿಸತೊಡಗಿದರು.

"ಎತ್ಲಾ ಈಗ ಗಾಡಿನ" ಎಂದರು ಚಿಕ್ಕಬೋರಮ್ಮ.

ಜಯಪ್ರಕಾಶರು ಕೀಲಿ ತಿರುಗಿಸಿದರು. ವ್ಯಾನು ಸ್ಟಾರ್ಟ್ ಆಯಿತು. ಬಸ್ಸಿನವರು ಶಿಳ್ಳೆ ಹಾಕಿದರು. ಡ್ರೈವರು ಹಾರ್ನ್ ಒತ್ತಿದ.

"ಅತ್ತಮ್ಮ, ಬತ್ತೀರಾ ಇಲ್ವಾ?" ಎಂದು ಕಂಡಕ್ಟರ್ ಕೇಳಿದ.

ಎಲ್ಲರೂ ಚಿಕ್ಕಬೋರಮ್ಮನವರನ್ನೇ ನೋಡಿದರು. ಇಂದ್ರಮ್ಮ ಸೆರಗಿನ ಸಂದಿಯಿಂದ ನೋಡಿದರು. ವ್ಯಾನು ದಾರಿಯಲ್ಲಿ ನಿಂತದ್ದಂತೂ ನಿಜ. ಆದರೆ ಅದನ್ನು ದೇವರು ನಿಲ್ಲಿಸಿದ್ದೆಂದರೆ ಎಣ್ಣೆಡಬ್ಬದ ವಿದ್ಯೆ ಸುಳ್ಳಾಗಬೇಕು. ಇಷ್ಟು ಜನರ ಎದುರಿಗೆ ಗೆದ್ದ ವಿದ್ಯೆಯನ್ನು ಬಿಟ್ಟುಕೊಡಲು ಚಿಕ್ಕಬೋರಮ್ಮ ಅಷ್ಟು ಸುಲಭದ ಹೆಂಗಸಲ್ಲ.

"ಓಗಯ್ಯ ನೀನು" ಎಂದು ಕಂಡಕ್ಟರನಿಗೆ ಕೈ ಬೀಸಿದರು. "ಅಪ್ಸಕ್ನ ಏನಿಲ್ಲ. ಇದು ನಮ್ ಹುಡ್ಗನ ದಡ್ತನ. ಉಟ್ದಾಗಿಂದ ಐತೆ, ಅದಕ್ಕೆಲ್ಲ ಸಕ್ನ ನೋಡಕಾಯ್ತದಾ?"

ಬಸ್ಸು ಹೊರಟಿತು. ಚಿಕ್ಕಬೋರಮ್ಮ ಅಂಬರೀಶನ ಕಡೆ ತಿರುಗಿ, "ಲೋ ಮೋಟ್ರು ತಮ್ಮ, ಮೊಳೆ ಸುತ್ಗೆ ಐತೇನೋ? ಕೊಡು ಇವ್ನ ಕೈಗೆ" ಎಂದರು.

ಜಯಪ್ರಕಾಶರು ಹಿತ್ತಾಳೆ ಮುಚ್ಚಳವನ್ನು ರಸ್ತೆ ಬದಿಯ ಕಲ್ಲಿನ ಮೇಲಿಟ್ಟು, ಮೊಳೆ ಹಿಡಿದು, ಸುತ್ತಿಗೆ ಎತ್ತಿದರು. ಎತ್ತಿದ ಕೈ ಮೇಲೆಯೇ ನಿಂತಿತು. ಬಿಸಿಲಿಗೆ ಅದು ಎಂಥ ಹೊಳಪು ಹೊಳೆಯುತ್ತಿತ್ತು! ಹುಣಸೆಹಣ್ಣು ಹಚ್ಚಿ ಉಜ್ಜಿದ ಆ ಭಾನುವಾರಗಳು! ಆಗ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಗಗನ. ಜಯಪ್ರಕಾಶರು ಕಣ್ಣು ಮುಚ್ಚಿ ಸುತ್ತಿಗೆ ಇಳಿಸಿದರು. ಮೂರನೇ ಏಟಿಗೆ ತೂತು ಬಿತ್ತು.

ಯತೀಶನ ಮನೆಯಲ್ಲಿ ಕರೆಂಟು ಇತ್ತು, ಚಪ್ಪಲಿಗಳು ನೆಟ್ಟಗಿದ್ದವು. "ದಾರೀಲಿ ಏನೂ ತೊಂದ್ರೆ ಆಗ್ಲಿಲ್ವಲ್ಲ?" ಎಂದು ಯತೀಶನ ತಂದೆ ಕೇಳಿದಾಗ ಜಯಪ್ರಕಾಶರು ಅತ್ತೆಯ ಮುಖ ನೋಡಿದರು. "ಏನಿಲ್ಲ ಕಣಪ್ಪ, ಒಂದ್ ಗಳಿಗೆ ಹೊಂಗೆ ನೆಳ್ಳಲ್ಲಿ ನಿಂತಿದ್ವಿ" ಎಂದರು ಚಿಕ್ಕಬೋರಮ್ಮ, ಮತ್ತು ಎರಡನೇ ಸಲ ಬಡಿಸಿದ ಪಾಯಸಕ್ಕೂ ಸಂಬಂಧಕ್ಕೂ ಬೇಡವೆನ್ನದೆ ಒಪ್ಪಿಗೆ ಕೊಟ್ಟರು.

ಅಂದಿನಿಂದ ವ್ಯಾನು ನಿಂತಿಲ್ಲ. ಜಯಪ್ರಕಾಶರು ಈಗ ಮುಚ್ಚಳದ ಬಗ್ಗೆ ಇಪ್ಪತ್ತು ನಿಮಿಷ ಹೇಳುವುದಿಲ್ಲ. ನಲವತ್ತು ನಿಮಿಷ ಹೇಳುತ್ತಾರೆ, ಏಕೆಂದರೆ ತೂತಿನ ಭಾಗವೂ ಸೇರಿದೆ. "ತೂತು ನಾನೇ ಹೊಡೆದದ್ದು" ಎನ್ನುವಾಗ ಅತ್ತೆ ಹತ್ತಿರದಲ್ಲಿದ್ದರೆ ಮಾತ್ರ ಸ್ವಲ್ಪ ದನಿ ತಗ್ಗಿಸುತ್ತಾರೆ.

ಮದುವೆ ಮಳವಳ್ಳಿಯ ಛತ್ರದಲ್ಲಿ ನಡೆಯಿತು. ಹೆಣ್ಣು ಕಳಿಸಿಕೊಡುವ ಹೊತ್ತಿಗೆ ಗಂಡಿನ ಕಡೆಯವರ ಹೂವಿನ ಕಾರು ಬಂದು ನಿಂತಿದ್ದರೂ ಗಗನ, "ನಾನು ಅಪ್ಪನ ವ್ಯಾನಲ್ಲೇ ಬರ್ತೀನಿ" ಎಂದಳು. ಯತೀಶನೂ ಬಾಯಿ ಮುಚ್ಚಿಕೊಂಡು ವ್ಯಾನನ್ನೇ ಹತ್ತಿದ. ಇಂದ್ರಮ್ಮ, ಚಿಕ್ಕಬೋರಮ್ಮ, ಅಭ್ಯಾಸಬಲದಿಂದ ಅಂಬರೀಶ ಮತ್ತು ಚಿಕ್ಕಣ್ಣನವರು ಕೂಡ ಹತ್ತಿದರು.

ಎಂಟನೇ ಕಿಲೋಮೀಟರಿನ ಹೊಂಗೆಮರದ ಕೆಳಗೆ ವ್ಯಾನು ನಿಂತಿತು.

"ಪ್ಲಗ್ಗು!" ಎಂದು ಅಂಬರೀಶ ಹಾರಿದ. ಚಿಕ್ಕಣ್ಣನವರು ನಿಂಬೆಹಣ್ಣಿನ ಚೀಲಕ್ಕೆ ಕೈ ಹಾಕಿದರು. "ಮೊದ್ಲು ಮುಚ್ಳ ತಗ್ದು ನೋಡ್ರಿ!" ಎಂದು ಇಂದ್ರಮ್ಮ ಕಿರುಚಿದರು.

"ಕೆಟ್ಟಿಲ್ಲ" ಎಂದರು ಜಯಪ್ರಕಾಶರು, ಸ್ಟೀರಿಂಗ್ ಹಿಡಿದ ಕೈ ಬಿಡದೆ. "ನಾನೇ ನಿಲ್ಲಿಸ್ದೆ."

ಯಾರೂ ನಂಬಲಿಲ್ಲ. ಅಂಬರೀಶ ಮುಚ್ಚಳ ತೆಗೆದ, ಸುಯ್ ಎನ್ನಲಿಲ್ಲ. ಗಾಳಿ ಆರಾಮವಾಗಿ ಓಡಾಡುತ್ತಿತ್ತು. ಎಂಜಿನ್ನು ನೆಟ್ಟಗಿತ್ತು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಚಿಕ್ಕಬೋರಮ್ಮ ಮುಂದಕ್ಕೆ ಬಾಗಿ ಕನ್ನಡಿಯಲ್ಲಿ ಜಯಪ್ರಕಾಶರ ಮುಖ ನೋಡಿದರು. ಈ ಸಲ ಕಬ್ಬಿನ ಹಾಲಿನ ನೆಪವೂ ಇರಲಿಲ್ಲ. ಇನ್ನು ಹತ್ತು ಕಿಲೋಮೀಟರ್ ಹೋದರೆ ಮಗಳು ಇಳಿದು ಬಿಡುತ್ತಾಳೆ. ಅದನ್ನು ಒಂದಿಷ್ಟು ಮುಂದಕ್ಕೆ ಹಾಕೋಣವೆಂದು ಆ ಮನುಷ್ಯ ವ್ಯಾನು ನಿಲ್ಲಿಸಿದ್ದ, ಅಷ್ಟೇ.

"ಬುಡ್ರೋ ಅವ್ನ. ಗಾಡಿ ಚೆನ್ನಾಗೈತೆ" ಎಂದರು ಚಿಕ್ಕಬೋರಮ್ಮ. "ಎಲ್ಲಾ ಇಳಿದು ಎಳ್ನೀರು ಕುಡೀರಿ."

"ಎಲ್ಲಿದೆ ಅಜ್ಜಿ ಎಳನೀರು?" ಎಂದು ಯತೀಶ ಸುತ್ತ ಕಬ್ಬಿನ ಗದ್ದೆ ನೋಡಿದ.

"ಸಿಕ್ತದೆ, ನೀನ್ ಇಳಿಯಪ್ಪ."

ಜಯಪ್ರಕಾಶರು ಸುತ್ತಿ ಬಂದು, ಮೊಣಕಾಲಿನಿಂದ ಗುದ್ದಿ ಬಾಗಿಲು ತೆರೆದರು. ಎಲ್ಲರೂ ಇಳಿದು ಮರದ ಆಚೆ ಹೋಗಿ ಇಲ್ಲದ ಎಳನೀರನ್ನು ಹುಡುಕಿದರು. ಗಗನ ಇಳಿಯಲಿಲ್ಲ. ಮುಂದಿನ ಸೀಟಿಗೆ ಬಂದು, ಮತ್ತೆ ಸ್ಟೀರಿಂಗ್ ಮುಂದೆ ಬಂದು ಕೂತ ಅಪ್ಪನ ಭುಜಕ್ಕೆ ತಲೆಯಿಟ್ಟಳು. ಐದು ನಿಮಿಷ ಕಳೆದು ಅವಳೇ, "ಹೊರಡೋಣ ಅಪ್ಪಾ" ಎಂದಳು.

ಯತೀಶನ ಮನೆಗೆ ಹೋಗಲು ದೊಡ್ಡ ರಸ್ತೆಯಿಂದ ಎಡಕ್ಕೆ ತಿರುಗಬೇಕು. ಜಯಪ್ರಕಾಶರು ತಿರುಗಿಸಿದರು. ವ್ಯಾನಿನ ಹಾರ್ನ್ ಯಾರೂ ಒತ್ತದೆ ಗಟ್ಟಿಯಾಗಿ ಕೂಗಿಕೊಂಡಿತು, ಮತ್ತು ಬೀಗರ ಮನೆಯಲ್ಲಿ ಯಾರೋ "ಸೊಸೆ ಬಂದ್ಲು, ಗೇಟು ತಗೀರಿ" ಎಂದರು.